ಗೋಡೆಯೊಳಗಿನ ನೀರು

ಎಗ್ಮೋರ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಸದಾನಂದ ಮತ್ತು ಅವರ ತಮ್ಮ ಸುಕೇಶ್ ನಡೆಸುತ್ತಿದ್ದ ಹೋಟೆಲಿಗೆ ಮೂರು ತಲೆಮಾರಿನ ಹೆಸರಿತ್ತು. ಅದಿದ್ದ ಕಟ್ಟಡ ಹೋಟೆಲಿಗಿಂತಲೂ ಹಳೆಯದು. ಬ್ರಿಟಿಷರ ಕಾಲದಲ್ಲಿ ಯಾರೋ ವ್ಯಾಪಾರಿ ತನ್ನ ವಾಸಕ್ಕೆಂದು ಕಟ್ಟಿಸಿದ ಎರಡಂತಸ್ತಿನ ಮನೆ ಅದು. ಸುಣ್ಣದ ಗಾರೆಯ ದಪ್ಪ ಗೋಡೆಗಳು, ತೇಗದ ತೊಲೆಗಳು, ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ಜೋಡಿಸಿ ಮಾಡಿದ ತಾರಸಿ. ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದ ಸದಾನಂದರ ಅಜ್ಜ ಕೆಳಗಿನ ಪಡಸಾಲೆಯನ್ನು ಊಟದ ಹಾಲ್ ಮಾಡಿದರು. ಮಹಡಿಯ ಒಂದು ಕೋಣೆಯಲ್ಲಿ ಅಡುಗೆಯ ವಿಷ್ಣುತೀರ್ಥ ಭಟ್ಟರು ಬಹಳ ವರ್ಷಗಳಿಂದ ಒಬ್ಬರೇ ವಾಸವಾಗಿದ್ದರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ದಿನವೂ ತಿಂಡಿಗೆ ಬರುವ ನಿವೃತ್ತ ಟೀಚರ್ ಅಂಬುಜಮ್ಮನವರ ತಟ್ಟೆಯ ಪಕ್ಕಕ್ಕೆ ಅಂಗೈಯಗಲದ ಗಾರೆಯ ಹೆಂಟೆಯೊಂದು ಧೊಪ್ಪನೆ ಬಿತ್ತು. ಅವರು ಸೀರೆ ಕೊಡವಿಕೊಂಡು, "ಪರವಾಯಿಲ್ಲೈ ಬಿಡಿ," ಎಂದು ಕಾಫಿ ಮುಗಿಸಿಯೇ ಎದ್ದರು. ಆದರೆ ಅವರ ಬೆನ್ನ ಹಿಂದೆ, ಹಿಂಗೋಡೆಗೆ ಹೊಂದಿಕೊಂಡಿದ್ದ ಕಂಬದಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಾಯಿಬಿಟ್ಟಿತ್ತು. ಸುಕೇಶ್ ಅದನ್ನು ನೋಡಿದವನೇ ಹಾಲ್ ಮುಚ್ಚಿಸಿದ. ಮುಂದಿನ ಜಗಲಿಯಲ್ಲಿ ಪಾರ್ಸೆಲ್ ಮಾತ್ರ ನಡೆಯಿತು.

ಮರುದಿನ ಅವನು ಕರೆತಂದ ಒಬ್ಬ ಎಂಜಿನಿಯರ್ ಕಂಬವನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು, ಮೇಲೊಮ್ಮೆ ಕೆಳಗೊಮ್ಮೆ ನೋಡಿದರು. ಹಳೇ ಕಟ್ಟಡವನ್ನು ನಂಬುವಂತಿಲ್ಲ, ಮಳೆ ಹಿಡಿಯುವುದರೊಳಗೆ ಕೆಡವಿಬಿಡುವುದೇ ವಾಸಿ ಎಂದು ಹೇಳಿ ಹೋದರು. ಸುಕೇಶನಿಗೆ ಬೇರೆ ಅಭಿಪ್ರಾಯವೇ ಬೇಕಿರಲಿಲ್ಲ. ಹಿಂದಿನ ವರ್ಷದ ಮಳೆಗೆ ಪಕ್ಕದ ಬೀದಿಯಲ್ಲಿ ಇಂಥದೇ ಒಂದು ಮನೆ ಕುಸಿದಾಗ ಅವನು ಎದುರಿನ ಅಂಗಡಿಯಲ್ಲಿದ್ದ. ಮಣ್ಣಿನಡಿಯಿಂದ ಜನರನ್ನು ಎಳೆಯಲು ಅವನೂ ಕೈ ಹಾಕಿದ್ದ.

"ಕೆಡವುವ, ಅಣ್ಣ," ಎಂದ. "ನನಗೆ ಇನ್ನೊಮ್ಮೆ ಅದನ್ನು ನೋಡ್ಲಿಕ್ಕೆ ಆಗುವುದಿಲ್ಲ."

ಸದಾನಂದ ಕಂಬದ ಬಿರುಕಿನ ಮೇಲೆ ಬೆರಳಾಡಿಸಿದರು. ತಮ್ಮ ಹೇಳುವುದರಲ್ಲಿ ತಪ್ಪಿದೆ ಎಂದು ಅವರಿಗೆ ಅನ್ನಿಸಲಿಲ್ಲ. ಹಾಗೆಂದು ಕೆಡವಲು ಮನಸ್ಸೂ ಬರಲಿಲ್ಲ. ಅವರ ಹೆಂಡತಿ ಸರಸ ಮಾತ್ರ ಹೇಳಿದಳು: "ಕೆಡವುವುದಾದರೆ ಕೆಡವುವ. ಒಳಗೆ ಎಂತ ಆಗಿದೆ ಅಂತ ನೋಡದೆ ಕೆಡವುವುದು ಎಂತಕ್ಕೆ? ಡಾಕ್ಟರು ಎಕ್ಸ್‌ರೇ ತೆಗೆಯದೆ ಕಾಲು ಕತ್ತರಿಸ್ತಾರಾ?"

ಅವರ ಮಗಳು ಸಮೀಕ್ಷಾ ಅಲ್ಲೇ ಕುಳಿತು ಮೊಬೈಲು ನೋಡುತ್ತಿದ್ದವಳು ತಲೆಯೆತ್ತಿದಳು. ಅವಳು ಕನ್ನಡದಲ್ಲಿ ಕೇಳಿ ತಮಿಳಿನಲ್ಲಿ ಉತ್ತರಿಸುವ ಹುಡುಗಿ. "ಅಮ್ಮಾ, ಬಿಲ್ಡಿಂಗ್‌ಗೂ ಸ್ಕ್ಯಾನ್ ಇರುಕ್ಕು," ಎಂದಳು. ಹಳೆಯ ಕಟ್ಟಡಗಳನ್ನು ಒಡೆಯದೆ, ಕೊರೆಯದೆ ಪರೀಕ್ಷೆ ಮಾಡುವ ಮೇಡಂ ಒಬ್ಬರು ತಮ್ಮ ಕಾಲೇಜಿಗೆ ಬಂದು ಮಾತಾಡಿದ್ದರು, ಅವರೂ ಕನ್ನಡದವರೇ ಎಂದು ನೆನಪು ಮಾಡಿಕೊಂಡಳು.

ಹಾಗೆ ಆ ವಾರ ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನು ಹಿಡಿದು ಶಿವರಂಜನಿ ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು. ಹೆಗಲಿಗೊಂದು ಚೀಲ, ಕೈಯಲ್ಲೊಂದು ಭಾರದ ಪೆಟ್ಟಿಗೆ. ಹುಟ್ಟಿದ್ದು ಮದ್ರಾಸಿನಲ್ಲೇ ಆದರೂ ಅಪ್ಪ ಪ್ರಭುದೇವರ ಗದಗಿನ ಮಾತು ಅವಳ ನಾಲಗೆಯ ಮೇಲೆ ಹಾಗೆಯೇ ಇತ್ತು. ಕಾಫಿ ಕುಡಿಯುವ ಮೊದಲೇ ಅವಳು ಹೇಳಿದಳು: "ಒಂದ್ ಮಾತು ಮೊದಲ ಹೇಳಿಬಿಡ್ತೀನ್ರಿ. ಉಳಿಸಬೇಕು ಅಂತ ನಿಮಗ ಆಸೆ ಇರಬೌದು. ನಾ ಒಳಗ ಏನೈತಿ ಅದನ್ನ ಅಷ್ಟ ಹೇಳಾಕಿ. ಕೆಟ್ಟಿದ್ರ ಕೆಟ್ಟೈತಿ ಅಂತೀನಿ."

"ನಮಗೆ ಒಂದು ಜೀವವೂ ಹೋಗದಿದ್ದರೆ ಸಾಕು," ಎಂದ ಸುಕೇಶ್.

"ನನಗೂ ಅದ ಬೇಕ್ರಿ."

ಅವಳು ಪೆಟ್ಟಿಗೆಯಿಂದ ಗಾಲಿಗಳಿದ್ದ ಚಿಕ್ಕ ಯಂತ್ರವೊಂದನ್ನು ತೆಗೆದು ಕಂಬದ ಮೈಮೇಲೆ ನಿಧಾನವಾಗಿ ಉರುಳಿಸುತ್ತ ಹೋದಳು. ಅದು ರೇಡಾರ್. ಅಲೆಗಳನ್ನು ಒಳಗೆ ಕಳಿಸಿ, ಹಿಂದಿರುಗಿ ಬಂದುದನ್ನು ಪರದೆಯ ಮೇಲೆ ಗೆರೆಗಳಾಗಿ ತೋರಿಸುತ್ತದೆ. ಸದಾನಂದರಿಗೆ ಆ ಪರದೆಯಲ್ಲಿ ಕಂಡದ್ದು ಕಪ್ಪು ಬಿಳುಪಿನ ಕಲಸುಮೇಲೋಗರ. ಆದರೆ ಶಿವರಂಜನಿ ಒಂದು ಕಡೆ ನಿಂತಳು, ಹಿಂದೆ ಬಂದಳು, ಮತ್ತೆ ಉರುಳಿಸಿದಳು. ಪ್ರತಿ ಸಲವೂ ಒಂದೇ ಜಾಗದಲ್ಲಿ ಗುಡ್ಡದಂಥ ಗೆರೆಯೊಂದು ಎದ್ದಿತು.

"ಎಂತ ಅದು?" ಎಂದು ಸರಸ ಕೇಳಿದಳು.

"ಪೈಪ್ ಐತ್ರಿ. ಕಬ್ಬಿಣದ್ದು. ಮ್ಯಾಲಿಂದ ಕೆಳಗಿನ ತನಕ."

ಅಂಥ ಪೈಪು ಅಲ್ಲಿದೆಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಾರಸಿಯ ನೀರು ಇಳಿಯಲೆಂದು ಯಾವುದೋ ಕಾಲದಲ್ಲಿ ಕಂಬದ ಅಂಚನ್ನು ಕೊರೆದು ಅದನ್ನು ಕೂರಿಸಿ ಮೇಲೆ ಗಾರೆ ಮೆತ್ತಿದ್ದರು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದ ಪೈಪು ಗಾರೆಯನ್ನು ಹೊರಕ್ಕೆ ನೂಕಿತ್ತು. ಕಂಬದ ಒಳಗಿನ ಇಟ್ಟಿಗೆಗೆ ಏನಾಗಿದೆ ಎಂಬುದು ಮುಂದಿನ ಪ್ರಶ್ನೆ. ಅವಳು ಕಂಬದ ಒಂದು ಮಗ್ಗುಲಲ್ಲಿ ಚಿಕ್ಕ ಸುತ್ತಿಗೆಯಿಂದ ತಟ್ಟಿ, ಆ ಸದ್ದು ಇನ್ನೊಂದು ಮಗ್ಗುಲಿಗೆ ಎಷ್ಟು ಬೇಗ ಮುಟ್ಟುತ್ತದೆಂದು ಅಳೆದಳು. ಟೊಳ್ಳಿದ್ದರೆ ಸದ್ದು ಸುತ್ತಿ ಬಳಸಿ ತಡವಾಗಿ ಬರುತ್ತದೆ. ಇಲ್ಲಿ ಎಲ್ಲಿ ತಟ್ಟಿದರೂ ನೇರವಾಗಿ ಬೇಗನೆ ಬಂತು.

"ಕಂಬ ಗಟ್ಟಿ ಐತ್ರಿ," ಎಂದಳು. "ಬಿರುಕು ಮ್ಯಾಲಿನ ಗಾರಿದು. ಒಳಗ ಹೋಗಿಲ್ಲ."

ಸದಾನಂದ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕುಳಿತುಬಿಟ್ಟರು. ಸರಸ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದಳು. ಆದರೆ ಶಿವರಂಜನಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಮೇಲೆ ನೋಡುತ್ತಿದ್ದಳು.

"ಈ ಪೈಪಿನಾಗ ಈಗ ನೀರು ಬರ್ತೈತೇನ್ರಿ?"

ಕೆಳಗೆ ಎಲ್ಲೂ ನೀರು ಬರುತ್ತಿರಲಿಲ್ಲ. ಎಲ್ಲರೂ ತಾರಸಿಗೆ ಹತ್ತಿದರು. ಆ ಮೂಲೆಯಲ್ಲಿ ಪೈಪಿನ ಬಾಯಿ ಇರಬೇಕಾದ ಕಡೆ ಯಾರೋ ಹಂಚು ಹಾಸಿ ಸಿಮೆಂಟ್ ಬಳಿದಿದ್ದರು. ನೆಲದ ಇಳಿಜಾರು ಮಾತ್ರ ಮೊದಲಿನಂತೆ ಅದೇ ಮೂಲೆಗಿತ್ತು. ಇಷ್ಟು ವರ್ಷ ಬಿದ್ದ ಮಳೆಯೆಲ್ಲ ಅಲ್ಲಿಗೆ ಬಂದು ನಿಂತು, ದಾರಿ ಕಾಣದೆ ಗೋಡೆಯೊಳಗೆ ಇಂಗಿತ್ತು. ಆ ಮೂಲೆಯ ನೇರ ಕೆಳಗೆ ಭಟ್ಟರ ಕೋಣೆ.

ಭಟ್ಟರು ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕಿ ಬಂದು ಬಾಗಿಲಲ್ಲಿ ನಿಂತರು. "ನನ್ನ ಕೋಣೆಯಲ್ಲಿ ಎಂತ ನೋಡ್ಲಿಕ್ಕುಂಟು? ಒಂದು ಹನಿ ಸೋರಿದ್ದಿಲ್ಲ. ನೋಡಿ, ಬಣ್ಣ ಹೇಗುಂಟು."

ಬಣ್ಣ ನಿಜಕ್ಕೂ ಚೆನ್ನಾಗಿತ್ತು. ದಪ್ಪಗೆ ಬಳಿದ ಎಣ್ಣೆ ಬಣ್ಣ. ಶಿವರಂಜನಿ ಕ್ಯಾಮೆರಾದಂಥ ಉಪಕರಣವನ್ನು ಗೋಡೆಯ ಕಡೆ ಹಿಡಿದಳು. ಅದು ಶಾಖವನ್ನು ಬಣ್ಣಗಳಾಗಿ ತೋರಿಸುವಂಥದು. ಬೆಚ್ಚಗಿದ್ದದ್ದು ಕೆಂಪು, ತಣ್ಣಗಿದ್ದದ್ದು ನೀಲಿ. ಗೋಡೆಯೆಲ್ಲ ಕೆಂಪು ಕಿತ್ತಳೆ. ಭಟ್ಟರ ಮಂಚದ ಮೇಲೆ, ತೊಲೆ ಗೋಡೆಯೊಳಗೆ ಹೊಕ್ಕ ಕಡೆ ಮಾತ್ರ ಶಾಯಿ ಚೆಲ್ಲಿದ ಹಾಗೆ ದೊಡ್ಡ ನೀಲಿ ಕಲೆ. ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ.

ಅವಳು ಏಣಿ ಕೇಳಿದಳು. ಸುಕೇಶ್ ತಾನೇ ತಂದು ಗಟ್ಟಿಯಾಗಿ ಹಿಡಿದು ನಿಂತ. ಅವಳು ತೊಲೆಯ ಎರಡು ಪಕ್ಕಕ್ಕೆ ಎರಡು ಗುಂಡಿಗಳಂಥ ಸಾಧನಗಳನ್ನು ಒತ್ತಿ ಹಿಡಿದಳು. ಒಂದರಿಂದ ಹೊರಟ, ಕಿವಿಗೆ ಕೇಳಿಸದ ಸದ್ದು ಮರದ ಮೂಲಕ ಇನ್ನೊಂದಕ್ಕೆ ಮುಟ್ಟಬೇಕು. ಕೋಣೆಯ ನಡುವೆ ಒಳ್ಳೆಯ ಅಂಕಿ ಬಂತು. ಗೋಡೆಯ ಕಡೆ ಸರಿದಂತೆ ಸದ್ದು ತಡವಾಯಿತು. ಗೋಡೆಯ ಪಕ್ಕದಲ್ಲಿ ಬರಲೇ ಇಲ್ಲ. ಇನ್ನೊಮ್ಮೆ ಒತ್ತಿದಳು. ಪರದೆ ಖಾಲಿ. ಉಳಿದ ತೊಲೆಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಅವು ಗೋಡೆಯ ತನಕ ಗಟ್ಟಿಯಾಗಿದ್ದವು.

ಏಣಿಯಿಂದ ಇಳಿದು ಅವಳು ಭಟ್ಟರ ಕಡೆ ತಿರುಗಿದಳು. "ಅಜ್ಜಾರ, ಈ ಕೋಣಿ ಈಗ ಖಾಲಿ ಮಾಡ್ರಿ. ಸಂಜಿಕ್ಕಲ್ಲ, ಈಗ."

"ನಾನು ಈ ಮಂಚದಲ್ಲಿ ಮಲಗಿಯೇ ಮುದುಕ ಆದದ್ದು," ಎಂದರು ಭಟ್ಟರು. "ನೀವು ಹೆದರಿಸಬೇಡಿ."

"ಹೆದರಸಾಕತ್ತಿಲ್ರಿ. ನಿಮ್ಮ ತಲಿ ಮ್ಯಾಲಿನ ತೊಲಿಯ ತುದಿ ಒಳಗ ಹಿಟ್ಟಾಗೈತಿ. ಮ್ಯಾಲಿನ ಬಣ್ಣ ಅಷ್ಟ ಉಳದೈತಿ."

ಭಟ್ಟರು ಮಂಚದ ಮೇಲೆ ಕುಳಿತೇಬಿಟ್ಟರು. ಆಗ ಸರಸ ಬಂದು ಅವರ ಪಕ್ಕದಲ್ಲಿ ಕುಳಿತಳು. "ಸರಿ ಭಟ್ರೇ, ನೀವು ಏಳುವುದಿಲ್ಲಾದರೆ ನಾನೂ ಇಲ್ಲೇ. ಬಿದ್ದರೆ ಇಬ್ಬರ ಮೇಲೂ ಬೀಳಲಿ."

ಭಟ್ಟರು ಅವಳ ಮುಖ ನೋಡಿದರು. ಎದ್ದು, ದೇವರ ಪಟವನ್ನು ಮೊಳೆಯಿಂದ ಇಳಿಸಿ ಪಂಚೆಯಲ್ಲಿ ಸುತ್ತಿದರು. ಮಂಚವನ್ನೂ ಹೊರಗೆ ಸಾಗಿಸಿದರು. ಅಂದಿನಿಂದ ಅವರ ವಾಸ ಪುರಸವಾಕ್ಕಂನಲ್ಲಿದ್ದ ಸದಾನಂದರ ಮನೆಯಲ್ಲಿ. ಸಂಜೆಯೊಳಗೆ ಶಿವರಂಜನಿ ಎದುರು ನಿಂತು ಆ ತೊಲೆಗೆ, ತಿರುಪಿ ಎತ್ತರಿಸುವ ಕಬ್ಬಿಣದ ಜಾಕಿ ಕಂಬಗಳ ಆಸರೆ ಕೊಡಿಸಿದಳು. ಭಾರ ಮಹಡಿಯ ನೆಲದ ಮೇಲೆ ಬೀಳಬಾರದೆಂದು ಕೆಳಗಿನ ಹಾಲಿನಲ್ಲೂ ಅದೇ ನೇರಕ್ಕೆ ಕಂಬಗಳು ನಿಂತವು.

ಹೊಸ ತೇಗದ ತುಂಡಿಗಾಗಿ ಹುಡುಕಾಟ ನಡೆಯುತ್ತಿರುವಾಗಲೇ ಮಳೆ ಹಿಡಿಯಿತು. ಅಕ್ಟೋಬರಿನ ಕೊನೆ. ಎರಡು ದಿನ ಬಿಡದೆ ಸುರಿದು, ಮೂರನೆಯ ದಿನ ಮಧ್ಯಾಹ್ನ ತಾಂಬರಂನಲ್ಲಿ ಊಟಕ್ಕೆ ಕುಳಿತಿದ್ದ ಶಿವರಂಜನಿಗೆ ಫೋನ್ ಬಂತು. ಮಳೆಯ ಸದ್ದನ್ನು ಮೀರಿ ಸದಾನಂದ ಕೂಗಿ ಹೇಳಿದರು. "ಮೇಲೆ ದೊಡ್ಡ ಸದ್ದಾಯ್ತು. ನಾವೆಲ್ಲ ರಸ್ತೆಗೆ ಬಂದಿದ್ದೇವೆ."

"ಎಲ್ಲಾರೂ ಅದಾರೇನ್ರಿ?"

"ಇದ್ದಾರೆ. ಎಲ್ಲರೂ ಇದ್ದಾರೆ."

ಅವಳು ತಟ್ಟೆ ಬಿಟ್ಟು ಎದ್ದು ಚೀಲ, ಪೆಟ್ಟಿಗೆ ಎತ್ತಿಕೊಂಡಳು. ಟ್ರೈನು ನಡುನಡುವೆ ನಿಂತು ತೆವಳುತ್ತ ಎಗ್ಮೋರ್ ತಲುಪುವ ತನಕ ಅವಳು ಅಂದು ಬರೆದುಕೊಂಡ ಅಂಕಿಗಳನ್ನು ಮತ್ತೆ ಮತ್ತೆ ನೋಡಿದಳು. ತಾನು ಗಟ್ಟಿ ಎಂದು ಹೇಳಿದ ತೊಲೆಗಳಲ್ಲಿ ಒಂದು ಬಿದ್ದಿದ್ದರೆ? ಕಂಬವೇ ವಾಲಿದ್ದರೆ? ತನ್ನ ಮಾತು ನಂಬಿ ಅವರು ಕೆಳಗೆ ಒಲೆ ಹಚ್ಚಿ ಕೆಲಸ ಮಾಡುತ್ತಿದ್ದರು.

ಬೀದಿಯಲ್ಲಿ ಎಲ್ಲರೂ ಎದುರಿನ ಅಂಗಡಿಯ ಮಾಡಿನಡಿ ನೆನೆದು ನಿಂತಿದ್ದರು. ಸುಕೇಶ್ ಮುಂದೆ ಬಂದ. "ಇನ್ನು ಎಂತ ಉಳಿಸುವುದು ಮೇಡಂ?" ಎಂದ.

"ನೋಡಿ ಹೇಳ್ತೀನಿ," ಎಂದು ಅವಳು ಒಳಗೆ ನಡೆದಳು. ಮೊದಲು ಕಂಬ ನೋಡಿದಳು. ಅದು ಇದ್ದಲ್ಲೇ ಇತ್ತು. ಹಾಲಿನ ಆಸರೆಗಳೂ ಅಲುಗಿರಲಿಲ್ಲ. ಬೆನ್ನ ಹಿಂದೆ ಹೆಜ್ಜೆ ಸದ್ದಾಗಿ ತಿರುಗಿದರೆ, ಬರಬೇಡವೆಂದರೂ ಸುಕೇಶ್ ಬಂದಿದ್ದ.

ಭಟ್ಟರ ಕೋಣೆಯ ಬಾಗಿಲಲ್ಲಿ ಇಬ್ಬರೂ ನಿಂತರು. ತೊಲೆ ಜಾಕಿ ಕಂಬಗಳ ಮೇಲೆ ನಿಂತಿತ್ತು, ಅದರ ಕೊಳೆತ ತುದಿ ಮಾತ್ರ ಗೋಡೆಯಿಂದ ಕಳಚಿ ಒಂದು ಗೇಣು ಕೆಳಗೆ ಜೋತಿತ್ತು. ಅದರ ಸುತ್ತಲಿನ ಇಟ್ಟಿಗೆಗಳು ಕೆಳಗೆ ಸುರಿದು, ಮಂಚವಿದ್ದ ಜಾಗದಲ್ಲಿ ಮೊಣಕಾಲೆತ್ತರದ ರಾಶಿಯಾಗಿತ್ತು. ಉಳಿದ ತಾರಸಿ ಹಾಗೆಯೇ ನಿಂತಿತ್ತು. ಸದ್ದಾದ ಆ ಹೊತ್ತು, ಭಟ್ಟರು ದಿನವೂ ಊಟ ಮುಗಿಸಿ ಮಲಗುವ ಹೊತ್ತು.

ಸುಕೇಶ್ ಗೋಡೆಗೆ ಕೈಯೂರಿ ಹಾಗೇ ನೆಲಕ್ಕೆ ಕುಸಿದು ಕುಳಿತ. 

ಶಿವರಂಜನಿ ಬಾಗಿಲಾಚೆಯ ಗಟ್ಟಿ ನೆಲದ ಮೇಲೆ ಏಣಿ ಇಟ್ಟು, ಪಕ್ಕದ ಕೋಣೆಯಿಂದ ಹಿಡಿದು ಕೈಗೆ ಸಿಕ್ಕ ತೊಲೆಗಳನ್ನೆಲ್ಲ ಮತ್ತೆ ಅಳೆದಳು. ಎಲ್ಲವೂ ಮೊದಲಿನ ಅಂಕಿಗಳನ್ನೇ ಕೊಟ್ಟವು. ಅವಳು ಸಾಧನಗಳನ್ನು ಚೀಲಕ್ಕೆ ಹಾಕಿದಳು. ಬಂದು ಸುಕೇಶನ ಪಕ್ಕ ಕುಳಿತಳು.

"ಸುಕೇಶ್ ಅವ್ರ, ನಾವು ಬೀಳ್ತೈತಿ ಅಂದದ್ದು ಅಷ್ಟ ಬಿದ್ದೈತ್ರಿ. ನಿಲ್ತೈತಿ ಅಂದದ್ದು ನಿಂತೈತಿ."

ಅವನು ಕಣ್ಣೊರೆಸಿಕೊಂಡ. "ನಾವು ಒಳಗೆ ನೋಡದೆ ಸುಮ್ಮನೆ ಕೆಡವುವ ದಿನ ಕಾಯ್ತಾ ಕೂತಿದ್ದರೆ, ಭಟ್ರು ಅಲ್ಲೇ ಮಲಗಿರ್ತಿದ್ರು," ಎಂದ. ಆಮೇಲೆ ಕಿಟಕಿಗೆ ಹೋಗಿ ರಸ್ತೆಯತ್ತ ಬಗ್ಗಿ ಕೂಗಿದ: "ಅಣ್ಣಾ, ಎಂತ ಆಗ್ಲಿಲ್ಲ. ಅದೊಂದೇ. ಅದೊಂದೇ ಬಿದ್ದದ್ದು."

ಕೆಳಗೆ ಸದಾನಂದ ಕೇಳಿಸಿಕೊಂಡರೋ ಇಲ್ಲವೋ, ಮಳೆಯಲ್ಲೇ ನಿಂತು ಎರಡೂ ಕೈಯೆತ್ತಿ ಮುಗಿದರು. ಭಟ್ಟರು ಮೇಲೆ ಹತ್ತಿ ಬಂದು ಇಟ್ಟಿಗೆಯ ರಾಶಿಯನ್ನು ಬಹಳ ಹೊತ್ತು ನೋಡಿದರು. ಶಿವರಂಜನಿಯ ತಲೆಯ ಮೇಲೆ ಒಮ್ಮೆ ಕೈಯಿಟ್ಟರು. "ಊಟ ಬಿಟ್ಟೇ ಓಡಿ ಬಂದಿರ್ತಿ. ಬಾ, ಬಿಸಿ ಅನ್ನ ಉಂಟು," ಎಂದು ಅಡುಗೆಮನೆಗೆ ಇಳಿದರು.

ಮಳೆ ಹಿಂದಾದ ಮೇಲೆ ಕೆಲಸ ಶುರುವಾಯಿತು. ತೊಲೆಯ ಕೆಟ್ಟ ತುದಿಯನ್ನು ಕತ್ತರಿಸಿ, ಕೆಡವಿದ ಮನೆಯೊಂದರಿಂದ ಬಂದ ಹಳೆಯ ತೇಗದ ತುಂಡನ್ನು ಬೆಸೆದರು. ತುಕ್ಕು ಪೈಪನ್ನು ಹೊರತೆಗೆದು, ನೀರಿಗೆ ಗೋಡೆಯ ಹೊರಗಿನಿಂದ ಹೊಸ ದಾರಿ ಮಾಡಿದರು. ಗೋಡೆ ಉಸಿರಾಡಿ ಒಣಗಲೆಂದು ಎಣ್ಣೆ ಬಣ್ಣ ಕೆರೆದು ಬರೀ ಸುಣ್ಣ ಹೊಡೆದರು. ಸಿಮೆಂಟ್ ಬೇಡ, ಸುಣ್ಣದ ಗಾರೆಯೇ ಆಗಬೇಕು ಎಂದು ಕೆಲಸದವರ ಬೆನ್ನು ಬಿದ್ದವನು ಸುಕೇಶ್. ದಿನವೂ ಮೇಲೆ ಹತ್ತಿ ನೋಡದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ.

ಪೊಂಗಲ್ ಕಳೆದ ವಾರ ಹಾಲ್ ತೆರೆಯಿತು. ಶಿವರಂಜನಿ ಅಪ್ಪನನ್ನೂ ಕರೆದುಕೊಂಡು ಬಂದಳು. ಪ್ರಭುದೇವರು ಕುಳಿತಲ್ಲಿಂದ ಮೇಲಿನ ತೊಲೆಗಳನ್ನು ನೋಡಿ, "ಇನ್ನ ಎಷ್ಟ್ ವರ್ಷ ಇರ್ತೈತವ್ವಾ?" ಎಂದು ಮಗಳನ್ನು ಕೇಳಿದರು.

"ನೀರು ನಿಲ್ಲದಂಗ ನೋಡ್ಕೊಂಡ್ರ ನಮ್ಮೆಲ್ಲಾರಗಿಂತ ಜಾಸ್ತಿ ಇರ್ತೈತಪ್ಪಾ. ಪ್ರತಿ ವರ್ಷಾ ಮಳಿಗಿಂತ ಮೊದಲ ಒಮ್ಮೆ ಬಂದು ನೋಡಿ ಹೋಗ್ತೀನಿ."

ಮಧ್ಯಾಹ್ನದ ಜನ ಕರಗಿದ ಮೇಲೆ ಮನೆಯವರೆಲ್ಲ ಊಟಕ್ಕೆ ಒಟ್ಟಿಗೆ ಕುಳಿತರು. ಬಡಿಸಲು ಹೊರಟ ಭಟ್ಟರನ್ನು ಸರಸ ಕೈಹಿಡಿದು ಕೂರಿಸಿ, ತಾನೇ ಪಾತ್ರೆ ಎತ್ತಿಕೊಂಡಳು. ಸದಾನಂದ ಎರಡನೆಯ ಸಲ ಅನ್ನ ಹಾಕಿಸಿಕೊಂಡು ಮಜ್ಜಿಗೆಗೆ ಗುಂಡಿ ತೋಡುತ್ತಿದ್ದರು.

"ಅಣ್ಣ, ಹೊರಗಿನ ಬೋರ್ಡಿಗೂ ಬಣ್ಣ ಹೊಡೆಸುವಾ?" ಎಂದ ಸುಕೇಶ್.

"ಹೊಡೆಸುವ," ಎಂದರು ಸದಾನಂದ. "ಈಗ ಊಟ ಮಾಡು."