ಹಿಂದಿನ ಸೀಟಿಗೆ ಬ್ರೇಕಿಲ್ಲ

ಬೆಳಗ್ಗೆ ವಸತಿಗೃಹದಲ್ಲಿ ಬಿಸಿನೀರಿನ ವಿಷಯಕ್ಕೆ ನನಗೂ ನನ್ನ ಗಂಡನಿಗೂ ಜಗಳವಾಗಿತ್ತು. ಇದ್ದದ್ದು ಒಂದೇ ಬಕೆಟ್. ಅದನ್ನು ನಾನು ತಲೆಗೆ ಸುರಿದುಕೊಂಡೆ, ಅವರು ತಣ್ಣೀರಲ್ಲಿ ಮಿಂದು ನಡುಗುತ್ತಾ ಬಂದರು. ಅಷ್ಟಕ್ಕೇ ಮುಖ ಊದಿಸಿಕೊಂಡರು. ಹಾಗಾಗಿ ಘಟ್ಟ ಹತ್ತುವಾಗ ಅವರು ತುಟಿಪಿಟಕ್ಕೆನ್ನದೆ ಇದ್ದದ್ದು ನನಗೆ ಹೊಸದೇನೂ ಅನಿಸಲಿಲ್ಲ.

ನಮ್ಮದು ಜೋಡಿ ಸೈಕಲ್ಲು. ಒಂದೇ ಚೌಕಟ್ಟಿಗೆ ಎರಡು ಸೀಟು, ಎರಡು ಜೊತೆ ಪೆಡಲು. ಹ್ಯಾಂಡಲ್ಲು, ಬ್ರೇಕು, ಗೇರು ಎಲ್ಲವೂ ಮುಂದಿನವರ ಕೈಯಲ್ಲಿ. ಹಿಂದಿನವರಿಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿ, ನೋಡಲು ಮುಂದಿನವರ ಬೆನ್ನು. ಎಷ್ಟೋ ಬೆಟ್ಟಗಳನ್ನು ನಾನು ಆ ಬೆನ್ನು ನೋಡಿಕೊಂಡೇ ದಾಟಿದ್ದೇನೆ. ಅಂಗಿಯಲ್ಲಿ ಬೆವರು ಎಲ್ಲಿಂದ ಶುರುವಾಗುತ್ತದೆ ಎನ್ನುವುದೂ ನನಗೆ ಬಾಯಿಪಾಠ. ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ. ಅದಕ್ಕೇ ಮುಂದಿನವರು "ಗುಂಡಿ!" ಎಂದು ಕೂಗಬೇಕು. ಕೂಗಿದ ಕೂಡಲೇ ನಾನು ಸೀಟು ಬಿಟ್ಟು ಪೆಡಲಿನ ಮೇಲೆ ಎದ್ದು ನಿಲ್ಲಬೇಕು. ಇಲ್ಲದಿದ್ದರೆ ಸೊಂಟದ ಗತಿ ಅಷ್ಟೇ.

ಅವತ್ತು ಕೂಗೇ ಇಲ್ಲ. ಮೊದಲ ಗುಂಡಿಗೆ ನಾಲಿಗೆ ಕಚ್ಚಿಕೊಂಡೆ. ಎರಡನೆಯದಕ್ಕೆ ಬೆನ್ನುಮೂಳೆ ಝಲ್ಲೆಂದಿತು. ಬಕೆಟ್ ನೀರಿನ ಸೇಡು ತೀರಿಸಿಕೊಳ್ಳುತ್ತಿದ್ದಾರೆ, ತೀರಿಸಿಕೊಳ್ಳಲಿ ಎಂದು ನಾನೂ ಹಟ ಹಿಡಿದೆ. ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವವಳು ನಾನಲ್ಲ. ಮರಗಳು ಕುಳ್ಳಾಗುತ್ತಾ ಬಂದು, ಕೊನೆಗೆ ಹುಲ್ಲು, ಬಂಡೆ ಅಷ್ಟೇ ಉಳಿದವು.

ಘಟ್ಟದ ನೆತ್ತಿಯಲ್ಲಿ ಬಂಡೆ ಸೀಳಿ ರಸ್ತೆ ಮಾಡಿದ್ದಾರೆ. ಎರಡೂ ಕಡೆ ಕಲ್ಲಿನ ಗೋಡೆ. ಅಲ್ಲಿ ನಿಂತಾಗ ನಾನು ಇಳಿದೆ. ಅವರು ಸೀಟಿನ ಮೇಲೆಯೇ ಕೂತು, ಒಂದು ಕಾಲನ್ನು ನೆಲಕ್ಕೂರಿ ಏದುಸಿರು ಬಿಡುತ್ತಿದ್ದರು.

"ಏನ್ರೀ, ಒಂದು ಬಕೆಟ್ ನೀರಿಗೆ ನನ್ನ ಸೊಂಟ ಮುರೀಬೇಕಿತ್ತಾ? ಗುಂಡಿ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಕಂಡ್ರೆ ತಾನೇ ಹೇಳೋದು!" ಎಂದು ಸಿಡುಕಿದರು.

ಹೇಳಿದ ಮೇಲೆ ಅವರೇ ಬೆಚ್ಚಿದರು. ನಾನು ಎದುರಿಗೆ ಹೋಗಿ ನಿಂತೆ. "ಕಂಡ್ರೆ ಅಂದ್ರೆ?"

"ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಲ್ಲಿ ನೇರ ಎದುರಿಗಿರೋದು ಒಂಚೂರು ಕಾಣುತ್ತೆ, ಸುತ್ತ ಮಸುಕು. ಹೋದದ್ದು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಹಿಂದೆ ಕೂರ್ತಿದ್ದೆಯಾ?"

ಸಿಟ್ಟು ನೆತ್ತಿಗೇರಿತು. ಲಾರಿಗಳು ಓಡಾಡುವ ರಸ್ತೆಯಲ್ಲಿ ಈ ಮನುಷ್ಯ ಅಂದಾಜಿನ ಮೇಲೆ ನನ್ನನ್ನು ಹೊತ್ತು ತಂದಿದ್ದಾರೆ. ನಾನೋ, ಸೇಡು ಗೀಡು ಎಂದುಕೊಂಡು ಅವರ ಬೆನ್ನಿಗೆ ಮನಸ್ಸಿನಲ್ಲೇ ಬೈಯುತ್ತಾ ಕೂತಿದ್ದೆ.

"ಇಳೀರಿ. ತಳ್ಳಿಕೊಂಡು ನಡೆಯೋಣ."

"ಬೆಳಗಿಂದ ಹತ್ತಿದ್ದೇ ಈ ಇಳಿಜಾರಿಗೆ. ಇದೊಂದು ಇಳಿಸ್ತೀನಿ. ಆಮೇಲೆ ಸೈಕಲ್ ಮುಟ್ಟು ಅಂದ್ರೂ ಮುಟ್ಟಲ್ಲ."

"ಹಾಗಾದ್ರೆ ಒಬ್ರೇ ಹೋಗಿ!"

ಬಾಯಿಂದ ಬಂದದ್ದು ಬಂದುಬಿಟ್ಟಿತು. ಅವರು ಪೆಡಲು ಒತ್ತಿಯೇಬಿಟ್ಟರು. ಖಾಲಿ ಸೀಟಿನ ಕೆಳಗೆ ನನ್ನ ಪೆಡಲುಗಳೂ ಅವರ ಜೊತೆ ತಿರುಗುತ್ತಾ ಹೋದವು. "ರೀ! ರೀ!" ಎಂದು ಓಡಿದೆ. ಸೈಕಲ್ಲು ತಿರುವಿನಲ್ಲಿ ಮರೆಯಾಯಿತು. ಅಯ್ಯೋ ದೇವರೇ, ನಾನೇ ಕಳಿಸಿದೆನಲ್ಲ ಎಂದು ಓಡುತ್ತಲೇ ಅತ್ತೆ.

ತಿರುವು ದಾಟಿದರೆ, ನಿಂತಿದ್ದರು. ಎಡಗಡೆಯ ಬಂಡೆ ಅಲ್ಲಿಗೆ ಮುಗಿದಿತ್ತು. ತಡೆಗೋಡೆಯೂ ಇರಲಿಲ್ಲ. ಚಕ್ರದಿಂದ ಒಂದು ಗೇಣು ಆಚೆಗೆ ರಸ್ತೆಯ ಅಂಚು, ಅದರಾಚೆ ಕಣಿವೆ. ಅವರು ಬಲಗಾಲೂರಿ, ಎಡಗೈ ಚಾಚಿ ಗಾಳಿಯಲ್ಲಿ ಏನನ್ನೋ ತಡಕುತ್ತಿದ್ದರು.

"ಬಂದೆಯಾ? ನಿನ್ನ ಬಿಟ್ಟು ಹೋಗೋಕಾಗಲಿಲ್ಲ. ಗೋಡೆಗೆ ಒರಗಿ ಕಾಯೋಣ ಅಂತ ನಿಂತೆ," ಎಂದು ಇನ್ನಷ್ಟು ಎಡಕ್ಕೆ ವಾಲಿದರು.

ಕೂಗಿದರೆ ಬೆಚ್ಚಿ ಬಿದ್ದಾರು. "ಹೂಂ, ಬಂದೆ. ಬ್ರೇಕು ಗಟ್ಟಿ ಹಿಡೀರಿ, ಅಲುಗಾಡಬೇಡಿ," ಎಂದು ಅಡುಗೆಮನೆಯಲ್ಲಿ ಮಾತಾಡುವಂತೆ ಹೇಳುತ್ತಾ ಹತ್ತಿರ ಹೋದೆ. ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು, ಮನುಷ್ಯನನ್ನೂ ಸೈಕಲ್ಲನ್ನೂ ಒಟ್ಟಿಗೆ ರಸ್ತೆಯ ನಡುವಿಗೆ ಎಳೆದೆ. ಆಮೇಲೆ ಹೇಳಿದೆ, "ಆ ಕಡೆ ಗೋಡೆ ಇಲ್ಲ ರೀ."

ಅವರು ನಂಬಲಿಲ್ಲ. ಕಾಲಡಿಯ ಕಲ್ಲೊಂದನ್ನು ಹೆಕ್ಕಿ ಎಡಕ್ಕೆ ಎಸೆದರು. ಅದು ಬೀಳುವ ಸದ್ದಿಗೆ ಇಬ್ಬರೂ ಕಿವಿಗೊಟ್ಟು ನಿಂತೆವು. ಸದ್ದು ಬರಲೇ ಇಲ್ಲ.

ಅವರು ಚೀಲದಿಂದ ಸ್ಪ್ಯಾನರ್ ತೆಗೆದು, ರಸ್ತೆಯ ಮೇಲೆ ಮಂಡಿಯೂರಿ, ಬೆರಳಲ್ಲೇ ನಟ್ಟು ಹುಡುಕಿ ಮುಂದಿನ ಸೀಟನ್ನು ನನ್ನ ಎತ್ತರಕ್ಕೆ ಇಳಿಸಿದರು.

"ಬಾ, ಕೂತು ನೋಡು. ಕಾಲು ನೆಲಕ್ಕೆ ತಾಗುತ್ತಾ?"

ಕೂತೆ. ಎರಡೂ ಪಾದ ನೆಲಕ್ಕೆ ತಾಗುತ್ತಿದ್ದವು. ಅವರ ಆ ಸೀಟು ನನಗೆ ಬೇಡವಾಗಿತ್ತು.

"ಇಲ್ಲ, ತಾಗಲ್ಲ," ಎಂದೆ.