ಬಂದೆ ಅಂದರೆ ಬಂದ ಹಾಗಲ್ಲ

ಟೆಸ್ಟ್‌ಗಳೆಲ್ಲ ಹಸಿರು, ಅಂದರೆ ಪಾಸು. ಖುಷಿಪಡುವ ಬದಲು ಸೊಸೆ ಕಂಪ್ಯೂಟರಿನ ಪರದೆಯನ್ನು ಅನುಮಾನದಿಂದ ನೋಡಿದಳು. ತಾನು ಬರೆದ ಕೋಡ್ ಒಂದೇ ಏಟಿಗೆ ಪಾಸಾಗುವಂಥದ್ದಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅದು ಔಷಧಿ ಅಂಗಡಿಯ ಆ್ಯಪ್. ಗಿರಾಕಿಯ ಮಾತ್ರೆ ಹೊತ್ತ ಗಾಡಿ ಎಲ್ಲಿದೆ ಎಂದು ಹೊರಗಿನ ಸರ್ವರ್ ಒಂದನ್ನು ಕೇಳಿ ತಿಳಿಸಬೇಕು. ಪ್ರತಿ ಟೆಸ್ಟಿಗೂ ಆ ದೊಡ್ಡ ಮನುಷ್ಯನನ್ನು ಎಬ್ಬಿಸುವುದೇಕೆಂದು ಅದರ ಜಾಗದಲ್ಲಿ ಒಂದು ಡಮ್ಮಿ ಕೂರಿಸಿದ್ದಳು. ಹೇಳಿಕೊಟ್ಟಿದ್ದನ್ನೇ ಒಪ್ಪಿಸುವ ಗಿಣಿ. ಹೋದ ಸಲ ಆ್ಯಪ್ ಕೈಕೊಟ್ಟಾಗ ಮ್ಯಾನೇಜರು ನಗುನಗುತ್ತಲೇ, "ಇನ್ನೊಂದ್ಸಲ ಹೀಗಾದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಮ್ಮ" ಅಂದಿದ್ದರು. ಇವತ್ತು ಸಂಜೆಯೊಳಗೆ ಅವರಿಗೆ ಒಪ್ಪಿಸಬೇಕು.

ಅನುಮಾನ ತೀರಲೆಂದು ಡಮ್ಮಿಯ ಬಾಯಿಗೆ ಹಸೀ ಸುಳ್ಳೊಂದನ್ನು ತುರುಕಿದಳು: ಗಾಡಿ ನಡುಸಮುದ್ರದಲ್ಲಿದೆ. ಆದರೂ ಹಸಿರು. ಇದರ ಮನೆ ಹಾಳಾಗ ಅಂದುಕೊಂಡು ಊಟಕ್ಕೆದ್ದಳು.

"ರೀ, ಊಟಕ್ಕೆ ಬನ್ನಿ."

"ಬಂದೆ," ಎಂದ ಗಂಡ ಕೋಣೆಯೊಳಗಿಂದ.

ಅವಳು ತಟ್ಟೆಗೆ ಬಡಿಸಿದಳು. ಬಡಿಸಿದ್ದೆಲ್ಲ ಆರಿತು. ಕುರ್ಚಿ ಖಾಲಿಯೇ ಇತ್ತು.

ಅತ್ತೆ ಕಿಸಕ್ಕನೆ ನಕ್ಕರು. "ಅವನ 'ಬಂದೆ' ನಂಬ್ಕೊಂಡು ಬಡಿಸಿದ್ಯಾ? ಒಳ್ಳೇ ಹುಡುಗಿ ಕಣೇ ನೀನು. ಮೂತಿ ಕಂಡ್ಮೇಲೆ ಬಡ್ಸು."

ಸೌಟು ಸೊಸೆಯ ಕೈಯಲ್ಲೇ ನಿಂತಿತು. ಅವಳ ಟೆಸ್ಟ್ ಮಾಡುತ್ತಿದ್ದುದೂ ಇದನ್ನೇ. ಡಮ್ಮಿ 'ಬಂದೆ' ಅಂದದ್ದೇ ತಡ, ಉತ್ತರ ಬರುವ ಮೊದಲೇ ಪಾಸು ಎಂದು ಸಾರಿ ಅಂಗಡಿ ಮುಚ್ಚುತ್ತಿತ್ತು. ಓಡಿಹೋಗಿ ಪ್ರತಿ ಕರೆಗೂ 'ಅವೇಟ್' ಅಂಟಿಸಿದಳು. ಉತ್ತರದ ಮೂತಿ ಕಾಣುವ ತನಕ ಕಾಯಿ ಅಂತ ಅದರರ್ಥ. ಡಮ್ಮಿಯ ಸುಳ್ಳು ಸಿಕ್ಕಿಬಿದ್ದು ಎಲ್ಲವೂ ಕೆಂಪಾಯಿತು. ಕೆಂಪು ನೋಡಿ ಇಷ್ಟು ಸಂತೋಷಪಟ್ಟವರು ಇನ್ನೊಬ್ಬರಿರಲಿಕ್ಕಿಲ್ಲ.

ಡಮ್ಮಿಗೆ ನಿಜ ಹೇಳಿಕೊಟ್ಟ ಮೇಲೆ ಒಂದು ಟೆಸ್ಟ್ ಮಾತ್ರ ಕೆಂಪಾಗೇ ಉಳಿಯಿತು. ಸರ್ವರ್ ಬಾಯಿ ಬಿಡದಿದ್ದರೆ ಆ್ಯಪ್ ಗಿರಾಕಿಗೆ 'ಗಾಡಿ ತಲುಪಿದೆ' ಅನ್ನುತ್ತಿತ್ತು. ಜ್ವರದವರು ಬಾಗಿಲು ತೆರೆದು ಬೀದಿ ನೋಡುತ್ತ ನಿಲ್ಲುತ್ತಿದ್ದರಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಸಂಜೆಯೊಳಗೆ ಸರಿಮಾಡಿ ಕಳಿಸಿದಳು.

"ಈ ಸಲ ನಂಬಬಹುದಾ?" ಮ್ಯಾನೇಜರು ಫೋನಿನಲ್ಲಿ ಕೇಳಿದರು.

"ಮೂತಿ ನೋಡೇ ಪಾಸು ಮಾಡಿದೀನಿ ಸರ್."

ಅವರಿಗೆ ತಲೆಬುಡ ತಿಳಿಯಲಿಲ್ಲ. ತಾವೇ ಒಮ್ಮೆ ಆ್ಯಪ್ ಓಡಿಸಿ ನೋಡಿ, "ಸರಿ, ಮುಂದಿನದ್ದೂ ನೀನೇ ಮಾಡಮ್ಮ" ಅಂದರು.

ಆಗ ಗಂಡ ಕಣ್ಣುಜ್ಜಿಕೊಳ್ಳುತ್ತ ಕೋಣೆಯಿಂದ ಬಂದ. "ಹೊಟ್ಟೆ ತಾಳ ಹಾಕ್ತಿದೆ. ನನ್ನ ಊಟ?"

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಅವನ ಪಾಲನ್ನು ಇಬ್ಬರೂ ಹಂಚಿಕೊಂಡು ತಿಂದು, ಪಾತ್ರೆ ತೊಳೆದು ಬೋರಲು ಹಾಕಿ ಎಷ್ಟೋ ಹೊತ್ತಾಗಿತ್ತು.

"ಬಂತು," ಅಂದಳು ಸೊಸೆ, ಕುರ್ಚಿಯಿಂದ ಏಳದೆ.