ರಾಹೇಲ್ ಕೊಟ್ಟ ಮುತ್ತು

ಇಟ್ಟಿಚೆರಿಯನ ಹಣೆಗೆ ಕೊನೆಯ ಮುತ್ತಿಡುವವರ ಸಾಲು ಮುಗಿಯುತ್ತ ಬಂದಾಗ ರಾಹೇಲ್ ಅಂಗಳಕ್ಕೆ ಕಾಲಿಟ್ಟಳು. ಅವಳು ಗದ್ದೆಯಾಳುಗಳ ಕೇರಿಯ ಮುದುಕಿ. ಅವರೂ ಕ್ರೈಸ್ತರೇ, ಆದರೆ ಅವರ ಇಗರ್ಜಿ ಬೇರೆ, ಹೂಳುವ ನೆಲವೂ ಬೇರೆ. ಸತ್ತವನ ತಮ್ಮ ಕುಂಜಪ್ಪನ್ ಅಡ್ಡ ಬಂದು, ದೋಣಿಕಟ್ಟೆಯ ಹತ್ತಿರ ನಿಂತು ನೋಡಿದರೆ ಸಾಕೆಂದ.

"ಬಿಡು ಕುಂಜಪ್ಪಾ," ಎಂದಳು ತಲೆದೆಸೆಯಲ್ಲಿ ಕೂತಿದ್ದ ಸತ್ತವನ ಹೆಂಡತಿ ಅಚ್ಚಾಮ್ಮ. "ಅವಳೂ ಕೊಡ್ಲಿ."

ರಾಹೇಲ್ ಶವಪೆಟ್ಟಿಗೆಯ ಅಂಚು ಹಿಡಿದು ಬಾಗಿದಳು. ಮುತ್ತಿಟ್ಟದ್ದು ಹಣೆಗಲ್ಲ, ತುಟಿಗೆ. ನಿಧಾನವಾಗಿ ಎದ್ದು, ಬಾಯಿ ಒರೆಸಿಕೊಳ್ಳದೆ ಹೊರಗೆ ನಡೆದಳು. ಪ್ರಾರ್ಥನೆ ಹಾಡುತ್ತಿದ್ದ ಹೆಂಗಸರ ದನಿ ಅಲ್ಲಲ್ಲೇ ತಡವರಿಸಿ ನಿಂತಿತು.

ಇಟ್ಟಿಚೆರಿಯನ ಒಬ್ಬಳೇ ಮಗಳು ಏಲಿಕ್ಕುಟ್ಟಿ ತಾಯಿಯನ್ನು ಕೈಹಿಡಿದು ಅಡಿಗೆಮನೆಗೆ ಕರೆತಂದಳು. ಗಂಡ ತೀರಿಕೊಂಡ ಮೇಲೆ ತವರಲ್ಲೇ ಇದ್ದು ಮನೆಯ ಮಾನವನ್ನು ಕಾಯುತ್ತಿದ್ದವಳು ಅವಳೇ. ತನ್ನ ಮಗಳು ಜಿನ್ಸಿ ಪಕ್ಕದೂರಿನ ಅಂಥದೇ ಕೇರಿಯ ಹುಡುಗನನ್ನು ಮದುವೆಯಾದಾಗ, ಇನ್ನು ಈ ಕಟ್ಟೆ ಹತ್ತಬೇಡ ಎಂದಿದ್ದಳು. ಅವನ ಬಣ್ಣದ ಬಗ್ಗೆ, ಅವನ ತಾಯಿಯ ಕೈಯ ಕೆಸರಿನ ಬಗ್ಗೆಯೂ ಆಡಿದ್ದಳು. ಇವತ್ತು ಜಿನ್ಸಿ ಗಂಡನ ಜೊತೆ ಬಂದು ಬೇಲಿಯಾಚೆ ನಿಂತಿದ್ದಳು. ಯಾರೂ ಒಳಗೆ ಕರೆದಿರಲಿಲ್ಲ.

"ಏನಮ್ಮಚ್ಚಿ ಅದು?"

ಅಚ್ಚಾಮ್ಮ ಮಣೆಯ ಮೇಲೆ ಕೂತು ಮೊಣಕಾಲು ನೀವಿಕೊಂಡಳು. "ನನ್ನ ಮಗು ಹುಟ್ಟಿ ಉಸಿರಾಡ್ಲಿಲ್ಲ ಕಣೆ. ಅದೇ ವಾರ ಅವಳು ನಿನ್ನ ಹೆತ್ತಳು. ನಿಮ್ಮಪ್ಪ ಪಂಚೇಲಿ ಸುತ್ಕೊಂಡು ಬಂದು ನನ್ನ ಮಗ್ಗುಲಲ್ಲಿ ಮಲಗಿಸಿದ್ರು. ನಾನೇನೂ ಕೇಳ್ಲಿಲ್ಲ. ಕೇಳೋದೇನಿತ್ತು, ನಿನ್ನ ಮೂಗು ಅವರದೇ ಆಗಿತ್ತಲ್ಲ."

ಒಲೆಯ ಮೇಲೆ ಮನೆಗೆ ಮರಳುವವರಿಗಾಗಿ ಗಂಜಿ ಕುದಿಯುತ್ತಿತ್ತು. ಏಲಿಕ್ಕುಟ್ಟಿ ಅದಕ್ಕೆ ಸೌಟು ಹಾಕಿ ತಿರುವಿದಳು. ಎದೆಯಲ್ಲಿ ಏನೋ ಒಡೆಯಬೇಕಿತ್ತು ಎಂದು ಅವಳಿಗೇ ಅನಿಸಿತು. ಏನೂ ಒಡೆಯಲಿಲ್ಲ.

"ಹಾಲು?"

"ಅವಳೇ ಕೊಟ್ಟಳು. ಬತ್ತ ಕುಟ್ಟೋಕೆ ಬಂದ ಹಾಗೆ ಬಂದು, ಇಲ್ಲೇ ಹಿಂದುಗಡೆ ಕೂತು. ನಾನೇ ಬಾಗಿಲು ಮುಚ್ತಿದ್ದೆ. ನಿನಗೆ ಹಲ್ಲು ಮೂಡಿದ ಮೇಲೆ, ಇನ್ನು ಬರಬೇಡ ಅಂತ ನಾನೇ ಅಂದೆ."

ಏಲಿಕ್ಕುಟ್ಟಿ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿ ಕೆಳಗಿಟ್ಟಳು.

"ಜಿನ್ಸಿ ಹೋದ ದಿನ ನಾನು ಅಷ್ಟೆಲ್ಲ ಮಾತಾಡಿದೆ. ಅಪ್ಪ, ನೀನು ಇಬ್ರೂ ಇಲ್ಲೇ ಇದ್ರಿ."

"ಇದ್ವಿ," ಎಂದಳು ಅಚ್ಚಾಮ್ಮ.

ಹೊರಗೆ ಇಗರ್ಜಿಗೆ ಒಯ್ಯಲು ಪೆಟ್ಟಿಗೆಯನ್ನು ದೋಣಿಗೆ ಇಳಿಸುತ್ತಿದ್ದರು. ಏಲಿಕ್ಕುಟ್ಟಿ ತಾಯಿಯನ್ನು ಹತ್ತಿಸಿ, ತಾನೂ ಹಲಗೆಯ ಮೇಲೆ ಕೂತಳು. ರಾಹೇಲ್ ದಡದ ತೆಂಗಿನ ಬುಡದಲ್ಲಿ ನಿಂತಿದ್ದಳು. ಹೊರಡೋಣವೇ ಎಂದು ಕುಂಜಪ್ಪನ್ ಕೇಳಿದ. ಏಲಿಕ್ಕುಟ್ಟಿ ಎದ್ದು ಮುದುಕಿಯತ್ತ ಕೈಚಾಚಿದಳು. ರಾಹೇಲ್ ಆ ಕೈಯನ್ನು ನೋಡಿದಳು, ಅಚ್ಚಾಮ್ಮನನ್ನು ನೋಡಿದಳು, ಆಮೇಲೆ ಹಿಡಿದು ಹತ್ತಿದಳು. ಹಲಗೆಯ ಮೇಲೆ ಮಾತ್ರ ಕೂರಲಿಲ್ಲ, ಪೆಟ್ಟಿಗೆಯ ಕಾಲ್ದೆಸೆಯಲ್ಲಿ ಕುಕ್ಕರಿಸಿದಳು. ಏಲಿಕ್ಕುಟ್ಟಿ ಕೆಳಗಿಳಿದು ಅವಳ ಪಕ್ಕ ಕೂತಳು. ಅಂಗೈಯಲ್ಲಿ ಇನ್ನೂ ಆ ಒರಟು ಬೆರಳುಗಳಿದ್ದವು.

"ಏನಿದೆಲ್ಲ?" ಕುಂಜಪ್ಪನ್ ಗೊಣಗಿದ.

"ತಡೀರಿ ಕೊಚ್ಚಪ್ಪಾ," ಎಂದು ಚಿಕ್ಕಪ್ಪನಿಗೆ ಹೇಳಿ ಏಲಿಕ್ಕುಟ್ಟಿ ಬೇಲಿಯತ್ತ ತಿರುಗಿದಳು. "ಜಿನ್ಸೀ, ಅವನನ್ನೂ ಕರ್ಕೊಂಡು ಬಾ. ಹೊತ್ತಾಯ್ತು."

ಜಿನ್ಸಿ ಬಹಳ ಹೊತ್ತು ಅಲುಗಲಿಲ್ಲ. ಕೊನೆಗೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಗಂಡನ ಹಿಂದೆ ಹತ್ತಿ, ತಾಯಿಯ ಮುಖ ನೋಡದೆ ದೋಣಿಯ ಇನ್ನೊಂದು ತುದಿಯಲ್ಲಿ ಕೂತಳು. ಅಂಬಿಗ ಗಳ ಊರಿ ನೂಕಿದ. ಕಾಲುವೆಯಲ್ಲಿ ಮೇಯುತ್ತಿದ್ದ ಬಾತುಗಳು ಗದ್ದಲವೆಬ್ಬಿಸುತ್ತ ಎರಡು ದಡಕ್ಕೂ ಸರಿದವು.